ಹೊಟ್ಟೆನೋವು ಎಂದಾಗ ಆಕೆ ಹೇಳಿದ್ದೇನು?

'ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.' ಪತ್ರಿಕೆಯ ಒಳಪುಟದಲ್ಲಿ ಈ ಮೂರು ಸಾಲಿನ ಸುದ್ದಿಯನ್ನು ನೀವೂ ಓದಿರುತ್ತೀರಿ. ಮದುವೆಯಾಗಿ ಎರಡೋ ಮೂರೋ ವರ್ಷ. ಕಾಗದದ ಮೇಲೆ ಹೊಟ್ಟೆನೋವು ಎಂದು ಬಿದ್ದರೆ ಅಲ್ಲಿಗೆ ಕತೆ ಮುಗಿಯಿತು. 'ಸ್ಟೌ ಸಿಡಿದು' ಎಂಬ ಮಾತಿನ ಹಿಂದೆ ಏನಿದೆಯೆಂದು ಬೆಂಗಳೂರಿನ ವಿಮೋಚನಾದಂಥ ಸಂಘಟನೆಗಳು 1990ರ ದಶಕದಲ್ಲಿ ಬೆನ್ನುಹತ್ತಿ ಕೇಳಿದವು. ಹೊಟ್ಟೆನೋವನ್ನೂ ಹಾಗೆಯೇ ಕೇಳಬೇಕಾಗಿದೆ. ಸತ್ತ ಮೇಲಲ್ಲ, ಬದುಕಿರುವಾಗ.

ಕೇಳುವವರೇನೋ ಬರುತ್ತಿದ್ದಾರೆ. ನರ್ಸಿಂಗ್ ಕಾಲೇಜಿನವರು, ಸಮಾಜಕಾರ್ಯ ಓದುವ ಹುಡುಗಿಯರು ಸಂಘದ ಸಭೆಗೆ ಬಂದು ನಮ್ಮ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋಗುತ್ತಾರೆ. ನಾವೂ ಟೀ ಕೊಟ್ಟು ಕಳಿಸುತ್ತೇವೆ. ಆ ಮಾತನ್ನು ಅವರು ಆಮೇಲೆ ಏನು ಮಾಡುತ್ತಾರೆ ಎಂದು ಮಾತ್ರ ಕೇಳುವುದಿಲ್ಲ. ಕೇಳಬೇಕು ಎಂಬುದೇ ನನ್ನ ವಾದ.

ಅಂಕಿ ಸಂಖ್ಯೆ ಬೇಡವೆನ್ನುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಮಹಿಳೆಯರು 2015-16ರಲ್ಲಿ ನೂರಕ್ಕೆ ಸುಮಾರು 20, 2019-21ರಲ್ಲಿ ಸುಮಾರು 44. ಹೊಡೆತ ಹೆಚ್ಚಿತೇ, ಬಾಯಿ ಬಿಟ್ಟವರು ಹೆಚ್ಚಿದರೇ? ಸಂಖ್ಯೆಯೊಂದೇ ಅದನ್ನು ಹೇಳಲಾರದು. ಅದಕ್ಕೆ ಹೆಣ್ಣಿನ ಮಾತನ್ನೇ ಓದಬೇಕು.

ಹಾಗೆ ಓದುವುದಕ್ಕೊಂದು ವಿಧಾನವಿದೆ. ಇಂಟರ್‌ಪ್ರಿಟಿವ್ ಫಿನಾಮಿನಾಲಜಿ ಎಂಬ ದೊಡ್ಡ ಹೆಸರು; ಅನುಭವಿಸಿದವರಿಗೆ ಆ ಅನುಭವದ ಅರ್ಥವೇನು ಎಂದು ಹುಡುಕುವುದು ಅದರ ಕೆಲಸ. ಯಾರೂ ಖಾಲಿ ಮನಸ್ಸಿನಿಂದ ಏನನ್ನೂ ನೋಡುವುದಿಲ್ಲ ಎಂದು ಜರ್ಮನಿಯ ಹೈಡೆಗರ್ 1927ರಲ್ಲಿ ಬರೆದದ್ದು ಇದಕ್ಕೆ ಬುನಾದಿ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಇದನ್ನು ನರ್ಸಿಂಗ್‌ಗೆ ತಂದರು. ಕೆನಡಾದ ಮ್ಯಾಕ್ಸ್ ವಾನ್ ಮ್ಯಾನನ್ 1990ರ ಪುಸ್ತಕದಲ್ಲಿ ಓದುವ ಮೂರು ಬಗೆ ಹೇಳಿದರು: ಇಡೀ ಮಾತನ್ನು ಒಟ್ಟಾಗಿ, ಎದ್ದು ಕಾಣುವ ಮಾತುಗಳನ್ನು ಆಯ್ದು, ಸಾಲು ಸಾಲಾಗಿ.

ಹೆಸರುಗಳು ಹಾಗಿರಲಿ. ಒಬ್ಬಾಕೆ ಹೀಗೆ ಹೇಳಿದಳು ಎಂದಿಟ್ಟುಕೊಳ್ಳಿ: "ಅವ್ರ ಬೈಕ್ ಸದ್ದು ಕೇಳಿದ್ ಕೂಡ್ಲೇ ಹೊಟ್ಟೆ ಹಿಡ್ಕೊಳ್ತದೆ ಅಕ್ಕಾ. ಅಪ್ಪ ಸಾಲ ಮಾಡಿ ಕೊಡ್ಸಿದ ಬೈಕು. ತವರಿಗೆ ಹೋದ್ರೆ ನಾಲ್ಕು ದಿನ ಏನೂ ಇರಲ್ಲ. ಮಾತ್ರೆ ತಗೊಂಡೆ, ಹೋಗ್ಲಿಲ್ಲ. ಎಲ್ಲಾ ಹೊಟ್ಟೆಗೆ ಹಾಕ್ಕೊಂಡು ಇದೀನಿ."

ಅವಸರದವರು ಇದನ್ನು ತುಂಡು ಮಾಡುತ್ತಾರೆ. 'ಹೊಟ್ಟೆನೋವು' ಒಂದು ಡಬ್ಬಿಗೆ, 'ಮಾತ್ರೆ' ಇನ್ನೊಂದಕ್ಕೆ, 'ತವರು' ಮತ್ತೊಂದಕ್ಕೆ. ತುಂಡಾದ ಮೇಲೆ ಬೈಕಿನ ಸದ್ದಿಗೂ ಅಪ್ಪನ ಸಾಲಕ್ಕೂ ನೋವಿಗೂ ಇದ್ದ ನಂಟು ಎಲ್ಲಿ ಹೋಯಿತು? ಅದಕ್ಕೇ ಮೊದಲು ಇಡೀ ಕತೆ, ಆಮೇಲೆ ಸಾಲು, ಮತ್ತೆ ಇಡೀ ಕತೆ ಎಂದು ಹಿಂದೆ ಮುಂದೆ ಓಡಾಡಬೇಕು. ಇಂಗ್ಲಿಷಿಗೆ ತಿರುಗಿಸಿದ ಮೇಲಲ್ಲ, ಕನ್ನಡದಲ್ಲೇ ಓದಬೇಕು. ನಮ್ಮಲ್ಲಿ ಹೊಟ್ಟೆ ಉರಿಯುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಮಕ್ಕಳು ಹೊಟ್ಟೆಯಲ್ಲಿ ಹುಟ್ಟುತ್ತವೆ, ಗಂಡನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳು ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಇಷ್ಟೆಲ್ಲ ಹಾಕಿಕೊಂಡ ಹೊಟ್ಟೆ 'ಸ್ಟಮಕ್ ಪೇನ್' ಎಂಬ ಎರಡು ಪದದಲ್ಲಿ ಹಿಡಿಯುವುದಿಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ಕೆಲವರಿಗೆ ಸಿಟ್ಟು ಬರಬಹುದು. ಆಕೆಯ ಮಾತು ಕೇಳಿದೊಡನೆ ನಾವು 'ವರದಕ್ಷಿಣೆ ಹಿಂಸೆ' ಎಂದು ಬರೆದುಬಿಡುತ್ತೇವೆ. ಅದೂ ಒಂದು ಡಬ್ಬಿಯೇ. ಗಂಡ ಬಂದ ಮೇಲೆಯೇ ಉಣ್ಣುವ ಪದ್ಧತಿ ಆ ಮನೆಯಲ್ಲಿದ್ದರೆ? ಆ ಹೊತ್ತಿಗೆ ಹೊಟ್ಟೆ ಖಾಲಿ, ಅಲ್ಸರ್ ನೋವು ಏಳುವುದೂ ಆಗಲೇ. ತವರಿನಲ್ಲಿ ಹೊತ್ತಿಗೆ ಸರಿಯಾಗಿ ಊಟ. ಆಗ ಆಕೆಗೆ ವೈದ್ಯರೂ ಬೇಕು. ಎರಡೂ ಒಟ್ಟಿಗೆ ನಿಜವಿರಬಹುದು. ನಾನು ಮೊದಲೇ ಏನಂದುಕೊಂಡಿದ್ದೆ ಎಂದು ಓದುವವಳು ಬರೆದಿಟ್ಟುಕೊಳ್ಳಬೇಕು, ಅನುಮಾನ ಬಂದಲ್ಲಿ ಮತ್ತೆ ಹೋಗಿ ಆಕೆಯನ್ನೇ ಕೇಳಬೇಕು.

ವೈದ್ಯರ ಕಡೆಯಿಂದಲೂ ಇಂಥದೇ ತಪ್ಪಾಗುತ್ತದೆ. ಗೋವಾದಲ್ಲಿ ಸುಮಾರು 2,500 ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿ ಹೋಗುತ್ತದೆ ಎಂಬ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟದ ಜೊತೆಗೇ ಹೆಚ್ಚು ನಂಟು ಕಂಡಿತು. ಎಣಿಕೆಯಿಂದ ನಂಟು ಗೊತ್ತಾಯಿತು. 'ಬಿಳಿ' ಎನ್ನುವಾಗ ಆಕೆ ಏನನ್ನು ಹೇಳುತ್ತಿದ್ದಾಳೆ ಎಂಬುದು ಎಣಿಕೆಗೆ ಸಿಗುವುದಿಲ್ಲ.

ಓದಿದ್ದನ್ನು ಹೇಳಿದವಳಿಗೆ ಒಪ್ಪಿಸುವುದೂ ಸುಲಭವಲ್ಲ. ಬರೆದ ಕಾಗದ ಮನೆಗೆ ಬಂದರೆ ಗಂಡನ ಕೈಗೆ ಸಿಗುತ್ತದೆ. ಸಂಘದಲ್ಲಿ ಓದೋಣವೆಂದರೆ ಅತ್ತೆಯೂ ಅದೇ ಸಂಘದ ಸದಸ್ಯೆ! ಹೆಸರು ಬದಲಿಸಿದರೂ 'ಅಪ್ಪ ಸಾಲ ಮಾಡಿ ಕೊಡಿಸಿದ ಬೈಕು' ಎಂದರೆ ಊರಿಗೆಲ್ಲ ತಿಳಿಯುತ್ತದೆ. ಇಂಥ ಸಂಶೋಧನೆಯಲ್ಲಿ ಮಹಿಳೆಯ ಸುರಕ್ಷತೆ ಎಲ್ಲಕ್ಕಿಂತ ಮೊದಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೇಳಿದೆ.

ಆದ್ದರಿಂದ ಮುಂದಿನ ಸಲ ಯಾರಾದರೂ ಫೋನು ಹಿಡಿದು ಬಂದಾಗ, ಟೀಗೆ ಮೊದಲು ಕೇಳಿ: ನಮ್ಮ ಮಾತನ್ನು ಯಾವ ಭಾಷೆಯಲ್ಲಿ ಓದುತ್ತೀರಿ? ನಿಮ್ಮ ಜೊತೆ ಇನ್ನೊಬ್ಬರು ಓದಿ ನೋಡುತ್ತಾರೆಯೇ? ಗುರುತು ಸಿಗುವ ವಿವರ ಯಾವುದೆಂದು ನಮ್ಮನ್ನು ಕೇಳುತ್ತೀರಾ? ನೀವು ತಿಳಿದುಕೊಂಡದ್ದು ಸರಿಯೇ ಎಂದು ಮತ್ತೆ ಬಂದು ಕೇಳುವುದಾದರೆ, ಯಾವ ಹೊತ್ತಿಗೆ, ಯಾರ ಮನೆಯಲ್ಲಿ?