ಟೈಲ್ಸ್ ಹೊಳೆಯಬೇಕೋ, ಮಗು ಕಲಿಯಬೇಕೋ?

ಪೆರ್ಲದ ಆಸುಪಾಸಿನ ಯಾವ ಹೊಸ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಮೋನೇ, ಮುಟ್ಟಬೇಡ, ಚೆಲ್ತದೆ!" ಮೂರು ವರ್ಷದ ಮಗು ನೀರಿನ ಚೆಂಬಿಗೆ ಕೈ ಹಾಕಿರುತ್ತದೆ, ಅಷ್ಟೆ. ಉಮ್ಮ ಚೆಂಬು ಕಿತ್ತುಕೊಳ್ಳುತ್ತಾರೆ, ಮಗು ಅಳುತ್ತದೆ, ಉಪ್ಪ ಮೊಬೈಲ್ ಕೊಡುತ್ತಾರೆ. ನೆಲ ಸ್ವಚ್ಛ, ಮನೆ ಶಾಂತ. ಇದಕ್ಕೆ ಮಗು ಸಾಕುವುದು ಎಂದು ಹೆಸರು. ನನಗೆ ಕಾಣುವುದು ಟೈಲ್ಸ್ ಸಾಕುವುದು.

ಅದೇ ಮಗುವಿಗೆ ಆರು ವರ್ಷವಾದಾಗ ಅದೇ ಮನೆಯವರ ದೂರು ಕೇಳಿ. ತಾನಾಗಿ ಉಣ್ಣುವುದಿಲ್ಲ, ಗುಂಡಿ ಹಾಕಲು ಬರುವುದಿಲ್ಲ, ಅಕ್ಷರ ಕೋಳಿ ಕೆದಕಿದ ಹಾಗಿದೆ. ಪೆನ್ಸಿಲ್ ಹಿಡಿಯುವ ಬೆರಳುಗಳೇ ಅಲ್ಲವೇ ಚೆಂಬು ಹಿಡಿಯಲು ಹೋಗಿದ್ದು?

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ವರ್ಕ್‌ಶಾಪಿನ ಫಿಟ್ಟಿಂಗ್ ವಿಭಾಗದಲ್ಲಿ ಮೊದಲ ಸೆಮಿಸ್ಟರ್‌ನವರಿಗೆ ಕಬ್ಬಿಣದ ತುಂಡು ಕೊಟ್ಟು ಅರ ಹಾಕಿ ಸಮ ಮಾಡಲು ಹೇಳುತ್ತಾರೆ. ಯಾರದ್ದೂ ಸರಿ ಬರುವುದಿಲ್ಲ. ಟ್ರೈ ಸ್ಕ್ವೇರ್ ಇಟ್ಟು ನೋಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ, ಗರಗಸದ ಬ್ಲೇಡ್ ತುಂಡಾಗುತ್ತದೆ. ಅದಕ್ಕೆಂದೇ ಮೂಲೆಯಲ್ಲಿ ಸ್ಕ್ರ್ಯಾಪ್ ಪೆಟ್ಟಿಗೆ ಇಟ್ಟಿರುತ್ತಾರೆ. ಮೀಸೆ ಬಂದ ಹುಡುಗರಿಗೆ ಹಾಳು ಮಾಡಿ ಕಲಿಯುವ ಅವಕಾಶ ಉಂಟು, ಮೂರು ವರ್ಷದ ಮಗುವಿಗೆ ಇಲ್ಲ!

1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ಮಕ್ಕಳ ಮನೆ ತೆರೆದರು. ಅವರ ಪದ್ಧತಿಯಲ್ಲಿ ಪುಟ್ಟ ಮಕ್ಕಳ ಕೈಗೆ ಪ್ಲಾಸ್ಟಿಕ್ ಆಟಿಕೆಯಲ್ಲ, ನಿಜವಾದ ಗಾಜು, ಪಿಂಗಾಣಿ. ಬಿದ್ದರೆ ಒಡೆಯುತ್ತದೆ ಎಂದು ಗೊತ್ತಾದರೆ ತಾನೇ ಕೈ ಜಾಗ್ರತೆಯಾಗುವುದು. ನೀರು ಸುರಿಯುವುದು, ಮೇಜು ಒರೆಸುವುದು, ಗುಂಡಿ ಹಾಕುವುದು, ಎಲ್ಲ ಪಾಠವೇ. 1939ರಲ್ಲಿ ಆ ತಾಯಿ ಮದ್ರಾಸಿಗೂ ಬಂದರು. ನಮ್ಮ ಕಡೆ ಅವರ ಹೆಸರು ಮಾತ್ರ ಬಂದು ಬೋರ್ಡಿಗೆ ಏರಿತು. ಬೋರ್ಡಿನ ಒಳಗೆ ಎಲ್‌ಕೆಜಿ ಮಗು ಕಾಪಿ ಬರೆಯುತ್ತಿದೆ. ಇಲ್ಲೇ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದ್ದರು. ನಾವು ಅಲ್ಲಿಗೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತೇವೆ.

"ಅನ್ನ, ಹಿಟ್ಟು ಚೆಲ್ಲುವುದು ಇಸ್ರಾಫ್ ಅಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಉಪ್ಪನ ಅಂಗಡಿಯಲ್ಲಿತ್ತು. ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ ಕಾಲದಲ್ಲಿ ಹೊಸದಾಗಿ ಬಂದ ಹುಡುಗನಿಗೆ ಅವರು ಮೊದಲೇ ಸಕ್ಕರೆ ಕೊಡುತ್ತಿರಲಿಲ್ಲ, ಕಲ್ಲುಪ್ಪು ಕೊಡುತ್ತಿದ್ದರು. ಚೆಲ್ಲಿದರೂ ನಷ್ಟ ಕಡಿಮೆ. ಕೈ ಕುದುರಿದ ಮೇಲೆ ಸಕ್ಕರೆ, ಆಮೇಲೆ ಏಲಕ್ಕಿ. ಮಗುವಿಗೂ ಮೊದಲು ನೀರು ಕೊಡಿ, ಮಣ್ಣು ಕೊಡಿ, ಅಂಗಳದ ಅಡಿಕೆ ಸಿಪ್ಪೆ ಕೊಡಿ. ಒಂದು ಹಿಡಿ ಅಕ್ಕಿ ಚೆಲ್ಲಿದರೆ ಹೆಕ್ಕಿ ತೊಳೆದು ಬೇಯಿಸಬಹುದು. ಬಿಸಿ ಎಣ್ಣೆ, ಕತ್ತಿ, ಬಾವಿಕಟ್ಟೆ ಇವುಗಳ ಹತ್ತಿರ ಬಿಡಿ ಎಂದು ನಾನೂ ಹೇಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ತಕರಾರು ಉಮ್ಮಂದಿರದ್ದು: "ನೀನು ಬರೆದು ಕೂರುತ್ತಿ, ಒರೆಸುವುದು ಯಾರು?" ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಉಂಟು. ನಮ್ಮಲ್ಲಿ ಹುಡುಗಿಗೆ ಎಂಟಾದರೆ ಪತ್ತಿರಿ ಲಟ್ಟಿಸಲು ಕರೆ ಬರುತ್ತದೆ. ಅವಳ ಅಣ್ಣ ಮೂವತ್ತಾದರೂ ತಾನು ಉಂಡ ತಟ್ಟೆ ಎತ್ತುವುದಿಲ್ಲ. ಹಾಗಾಗಿ ಚೆಲ್ಲಿದ ಕೈಗೇ ಬಟ್ಟೆ ಕೊಡಬೇಕು, ಗಂಡು ಮಗುವಾದರೆ ಮೊದಲು ಕೊಡಬೇಕು. ಮಗು ಒರೆಸಿದರೆ ನೀರು ಇನ್ನಷ್ಟು ಹರಡುತ್ತದೆ, ಗೊತ್ತು. ಉಳಿದದ್ದನ್ನು ಒರೆಸಲು ಉಪ್ಪ ಏಳಲಿ. ಮನೆಯಲ್ಲಿ ಆ ಬಟ್ಟೆ ಎಲ್ಲಿ ಇಡುತ್ತಾರೆಂದು ಗೊತ್ತಿಲ್ಲದವರು ಇವತ್ತೇ ಕೇಳಿ ತಿಳಿದುಕೊಳ್ಳಲಿ.