ಸುದ್ದಿಯ ಸರದಿ ಯಾರ ಕೈಯಲ್ಲಿ?

ನೀರಾವರಿ ಕುರಿತು ಬರೆಯುವ ಪುಟ್ಟ ಅಂತರ್ಜಾಲ ತಾಣವೊಂದರ ಓದುಗ ನಾನು. ಅದರ ಬರಹಗಳು ಸಾಮಾಜಿಕ ಜಾಲತಾಣವೊಂದರ ಮೂಲಕ ನನ್ನನ್ನು ತಲುಪುತ್ತಿದ್ದವು. ಕೆಲವು ತಿಂಗಳು ಏನೂ ಕಾಣದಿದ್ದಾಗ ಅದು ನಿಂತುಹೋಗಿರಬೇಕೆಂದು ಭಾವಿಸಿದೆ. ಒಂದು ದಿನ ನೇರವಾಗಿ ಹೋಗಿ ನೋಡಿದರೆ ವಾರಕ್ಕೊಂದು ಲೇಖನ ತಪ್ಪದೆ ಪ್ರಕಟವಾಗಿತ್ತು. ನಾನು ಹೆಚ್ಚು ಒತ್ತದ ಕೊಂಡಿಗಳನ್ನು ಜಾಲತಾಣದ ಲೆಕ್ಕಾಚಾರ ಸದ್ದಿಲ್ಲದೆ ಹಿಂದಕ್ಕೆ ಸರಿಸಿರಬೇಕು. ಆ ತೀರ್ಮಾನದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ಆನಂತರ ನಾನು ಹಳೆಯ ವ್ಯವಸ್ಥೆಯೊಂದಕ್ಕೆ ಮರಳಿದ್ದೇನೆ. ಅದರ ಹೆಸರು ಆರ್‌ಎಸ್‌ಎಸ್. (ಹೆಸರು ಕೇಳಿದೊಡನೆ ನಮ್ಮಲ್ಲಿ ಬೇರೇನೋ ನೆನಪಾಗುವುದು ಸಹಜ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) 1999ರಲ್ಲಿ ನೆಟ್‌ಸ್ಕೇಪ್ ಕಂಪೆನಿಯಲ್ಲಿ ರೂಪುಗೊಂಡ ಈ ವಿಧಾನ ತೀರ ಸರಳ. ಸುದ್ದಿತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ಸಾರಾಂಶ, ಕೊಂಡಿಗಳನ್ನು ಪುಟ್ಟ ಕಡತವೊಂದರಲ್ಲಿ ಬರೆದಿಡುತ್ತದೆ; ಇದೇ ಫೀಡ್. ರೀಡರ್ ತಂತ್ರಾಂಶವು ಆಗಾಗ್ಗೆ ಅಲ್ಲಿಗೆ ಹೋಗಿ ಹೊಸತನ್ನು ತಂದು ನಮ್ಮ ಮುಂದಿಡುತ್ತದೆ. ಯಾವ ತಾಣಗಳು ಬೇಕೆಂದು ಆರಿಸುವವರು ನಾವೇ. ಓದಿ ಮುಗಿಸಿದರೆ ಪಟ್ಟಿ ನಿಜಕ್ಕೂ ಮುಗಿಯುತ್ತದೆ. ಇಂದಿನ ಮೊಬೈಲ್ ಪರದೆಯಲ್ಲಿ ಮುಗಿಯುವುದೆಂಬುದೇ ಇಲ್ಲವಷ್ಟೆ.

2005ರಲ್ಲಿ ಬಂದ ಗೂಗಲ್ ರೀಡರ್ ಈ ಪದ್ಧತಿಯನ್ನು ಅನೇಕರಿಗೆ ಪರಿಚಯಿಸಿತು. ಕನ್ನಡದ ಓದುಗರಿಗೆ ಆಗ ಅದರ ಫಲ ಅಷ್ಟಾಗಿ ದಕ್ಕಲಿಲ್ಲ. ನಮ್ಮ ಅನೇಕ ಪತ್ರಿಕಾ ತಾಣಗಳು ಯೂನಿಕೋಡ್ ಬಿಟ್ಟು ತಮ್ಮದೇ ಫಾಂಟ್‌ಗಳನ್ನು ಬಳಸುತ್ತಿದ್ದುದರಿಂದ, ಆ ಪಠ್ಯವು ಬೇರೆ ತಂತ್ರಾಂಶದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಮುಂದೆ ಯೂನಿಕೋಡ್ ಬಳಕೆ ಹೆಚ್ಚಿತು. ಆದರೆ ಬಳಕೆದಾರರು ಕಡಿಮೆಯಾಗಿದ್ದಾರೆಂಬ ಕಾರಣ ನೀಡಿ 2013ರ ಜುಲೈನಲ್ಲಿ ಗೂಗಲ್ ತನ್ನ ರೀಡರನ್ನು ಮುಚ್ಚಿತು. ಫೀಡ್ ಕೂಡ ಅದರೊಂದಿಗೆ ಸತ್ತಿತೆಂದು ಹಲವರು ನಂಬಿದರು. ಸತ್ತಿಲ್ಲ, ಪಾಡ್‌ಕಾಸ್ಟ್‌ಗಳ ವಿತರಣೆ ಇಂದಿಗೂ ಬಹುಮಟ್ಟಿಗೆ ಇದರಿಂದಲೇ ನಡೆಯುತ್ತಿದೆ.

ಓದುಗ ತಾಣಕ್ಕೆ ಬಾರದೆ ಶೀರ್ಷಿಕೆಯನ್ನಷ್ಟೇ ಓದಿ ಹೊರಟರೆ ಜಾಹೀರಾತು ನೋಡುವವರಾರು ಎಂದು ಪತ್ರಿಕೆಗಳು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಫೀಡ್‌ನಲ್ಲಿ ಪೂರ್ಣ ಬರಹ ಕೊಡಬೇಕಿಲ್ಲ. ಶೀರ್ಷಿಕೆ, ಎರಡು ಸಾಲು, ಒಂದು ಕೊಂಡಿ ಸಾಕು. ತಮ್ಮ ಓದುಗರನ್ನು ಮೂರನೆಯವರ ಲೆಕ್ಕಾಚಾರಕ್ಕೆ ಒಪ್ಪಿಸಿ ಕೂರುವುದರಲ್ಲಿ ಪತ್ರಿಕೆಗಳಿಗೂ ಹಿತವಿಲ್ಲ. ಕನ್ನಡದ ಸುದ್ದಿತಾಣಗಳು ಫೀಡ್‌ನ ವಿಳಾಸವನ್ನು ಮುಖಪುಟದಲ್ಲಿಯೇ, ಎದ್ದು ಕಾಣುವಂತೆ ಇಡಲಿ.

ನನ್ನ ಪಟ್ಟಿಯಲ್ಲಿ ಈಗ 17 ತಾಣಗಳಿವೆ. ಮೊದಲು ಸೇರಿಸಿದ್ದು ನೀರಾವರಿಯ ಆ ತಾಣವನ್ನೇ.