ಮತ್ತೊಮ್ಮೆ ಕೆಡಿಸಿ ತೋರಿಸು

ಮಹದೇವಪುರದ ನಮ್ಮ ಶಾಲೆಯ ಗಣಕ ಕೊಠಡಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಬಂಧ ಟೈಪ್ ಮಾಡಿ ಮುದ್ರಣದ ಗುಂಡಿ ಒತ್ತಿದ. ಬರೆದದ್ದೆಲ್ಲ ತೆರೆಯಿಂದ ಮಾಯ! ‘ಏನೋ ಒತ್ತಿ ಕೆಡಿಸಿಬಿಟ್ಟೆಯಲ್ಲ’ ಎಂದು ಗದರಿದೆ. ‘ಇಲ್ಲ ಸಾರ್, ಪಕ್ಕದ ಗಣಕದಲ್ಲೂ ಹೀಗೇ ಆಗುತ್ತೆ, ತೋರಿಸ್ತೀನಿ’ ಎಂದ. ಮೂರು ಸಲ ಒತ್ತಿದ; ಮೂರು ಸಲವೂ ತಂತ್ರಾಂಶ ಕುಸಿಯಿತು. ಗದರಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆ ಗಣಕಗಳಲ್ಲಿರುವುದು ಲಿನಕ್ಸ್. ಹಳೆಯ ಇಂಗ್ಲಿಷ್ ಟೈಪಿಂಗ್ ತಂತ್ರಾಂಶವೋ ವಿಂಡೋಸ್‌ಗೆಂದು ಬರೆದದ್ದು. ಇವೆರಡರ ನಡುವೆ ದುಭಾಷಿಯಂತೆ ನಿಲ್ಲುವುದು ‘ವೈನ್’. ಪಾಲಕರು ಗಾಬರಿಯಾಗಬೇಕಿಲ್ಲ, ಇದು ಕುಡಿಯುವ ವೈನ್ ಅಲ್ಲ! 1993ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು 2008ರಲ್ಲಿ, ಹದಿನೈದು ವರ್ಷಗಳ ನಂತರ. ‘ಕಡತ ತೆರೆ’, ‘ಕಿಟಕಿ ಬರೆ’ ಎಂದು ತಂತ್ರಾಂಶವು ವಿಂಡೋಸ್‌ಗೆ ಕೊಡುವ ಪ್ರತಿ ಆಜ್ಞೆಗೂ ವೈನ್ ತಾನೇ ಉತ್ತರ ಕೊಡಬೇಕು. ಅಂಥ ಆಜ್ಞೆಗಳು ಸಾವಿರಾರು. ಒಂದು ಉತ್ತರ ತುಸು ಬೇರೆಯಾದರೂ ತಂತ್ರಾಂಶ ಮುಗ್ಗರಿಸಬಹುದು.

ದೋಷ ಹುಡುಕುವುದು ಹೇಗೆ? ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಖಾಲಿ ಪುಟವಿಟ್ಟು ನೋಡಿದೆವು, ಆಗಲೂ ಕುಸಿಯಿತು. ಆದ್ದರಿಂದ ಪ್ರಬಂಧ ಕಾರಣವಲ್ಲ. ಹಳೆಯ ಹೊಂದಿಕೆಗಳಿಲ್ಲದ ಹೊಸ ಕಡತಕೋಶದಲ್ಲಿ ತಂತ್ರಾಂಶವನ್ನು ಮತ್ತೆ ಸ್ಥಾಪಿಸಿದೆವು, ಆಗಲೂ ಅದೇ. ಕಚೇರಿಯ ಗಣಕದಲ್ಲಿ ಮಾತ್ರ ಕುಸಿಯಲಿಲ್ಲ. ಅಲ್ಲಿ ಪ್ರಿಂಟರ್ ಇತ್ತು, ಕೊಠಡಿಯಲ್ಲಿ ಇರಲಿಲ್ಲ! ಕೊಠಡಿಯ ಗಣಕಕ್ಕೂ ಪ್ರಿಂಟರ್ ಜೋಡಿಸಿದಾಗ ಕುಸಿತ ನಿಂತಿತು, ತೆಗೆದಾಗ ಮರಳಿತು.

‘ಪ್ರಿಂಟರ್ ಯಾವುದು?’ ಎಂದು ತಂತ್ರಾಂಶ ಕೇಳುತ್ತದೆ. ‘ಇಲ್ಲ’ ಎಂಬ ಉತ್ತರವನ್ನು ಗಮನಿಸದೆ, ಇಲ್ಲದ ಪ್ರಿಂಟರಿಗೆ ಕೈಹಾಕಿ ಬೀಳುತ್ತದೆ ಎಂಬುದು ನಮ್ಮ ಊಹೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದಲ್ಲ ಒಂದು ಪ್ರಿಂಟರ್ ಹೆಸರು ಇದ್ದೇ ಇರುವುದರಿಂದ ಈ ತಪ್ಪು ಅಲ್ಲಿ ಅಡಗಿ ಕುಳಿತಿರಬಹುದು. ಬಿದ್ದ ಜಾಗವೇ ಎಡವಿದ ಜಾಗವಾಗಿರಬೇಕಿಲ್ಲ.

ವೈನ್ ಬರೆಯುವವರು ಬಳಸುವ ಇನ್ನೊಂದು ಉಪಾಯ ಸೊಗಸಾಗಿದೆ. ಹಳೆಯ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟಿದೆ, ನಡುವೆ 1000 ಬದಲಾವಣೆಗಳಾಗಿವೆ ಎನ್ನೋಣ. ಒಂದೊಂದಾಗಿ ನೋಡಬೇಕಿಲ್ಲ. ನಡುವಿನ 500ನೆಯದನ್ನು ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ತಪ್ಪು ಆಚೆಯ ಅರ್ಧದಲ್ಲಿ, ಇಲ್ಲದಿದ್ದರೆ ಈಚೆಯ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತೇ ಪರೀಕ್ಷೆಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ನಿಘಂಟಿನಲ್ಲಿ ಪದ ಹುಡುಕುವಾಗ ನೀವು ಮಾಡುವುದೂ ಇದನ್ನೇ.

ಆದರೆ ಇದೆಲ್ಲ ಸಾಧ್ಯವಾಗುವುದು ಕುಸಿತ ಪ್ರತಿ ಸಲವೂ ಮರುಕಳಿಸಿದರೆ ಮಾತ್ರ. ಒಮ್ಮೆ ಬಂದು ಒಮ್ಮೆ ಬಾರದ ದೋಷ ಅನುಭವಿಗಳನ್ನೂ ಕಾಡುತ್ತದೆ. ಆಜ್ಞೆಗಳನ್ನೆಲ್ಲ ದಾಖಲಿಸಲು ಹೊರಟರೆ ಗಣಕದ ವೇಗ ತಗ್ಗಿ, ದೋಷವೇ ಕಾಣದಂತಾಗುವುದೂ ಉಂಟು.

ವಿದ್ಯಾರ್ಥಿಗಳೇ, ‘ಕೆಟ್ಟುಹೋಯಿತು’ ಎಂದಷ್ಟೇ ಹೇಳಬೇಡಿ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಈ ಮೂರನ್ನು ಬರೆದಿಡಿ. ಪಾಲಕರೇ, ಮಗುವಿನ ಕೈಯಲ್ಲಿ ಯಂತ್ರ ನಿಂತಾಗ ‘ಯಾಕೆ ಕೆಡಿಸಿದೆ?’ ಎನ್ನುವ ಮೊದಲು ‘ಮತ್ತೊಮ್ಮೆ ತೋರಿಸು’ ಎನ್ನಿ. ಗದರಿಸಿಕೊಂಡ ಮಗು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತದೆ. ನಮ್ಮ ಹುಡುಗ ಮುಚ್ಚಿಡಲಿಲ್ಲ, ಅದು ನನ್ನ ಪುಣ್ಯ.